ವಾರ್ಡ್ ಬದಲಾದರೂ ಮನೆ ಅಲ್ಲೇ ಇರುತ್ತದೆ

2025ರ ಡಿಸೆಂಬರ್‌ನಲ್ಲಿ ನಡೆದ ಸ್ಥಳೀಯಾಡಳಿತ ಚುನಾವಣೆಗೆ ಮೊದಲು ಕೇರಳದ ವಾರ್ಡ್‌ಗಳನ್ನು ಹೊಸದಾಗಿ ವಿಂಗಡಿಸಲಾಯಿತು. ರಾಜ್ಯದ 941 ಗ್ರಾಮ ಪಂಚಾಯತ್‌ಗಳಲ್ಲಿ ಒಟ್ಟು 15,962 ಇದ್ದ ವಾರ್ಡ್‌ಗಳು 17,337ಕ್ಕೆ ಏರಿದವು. ಹೆಚ್ಚಿನವರು ಇದನ್ನು ರಾಜಕೀಯದ ಸುದ್ದಿಯಾಗಿ ಓದಿದರು: ಯಾರಿಗೆ ಲಾಭ, ಯಾರಿಗೆ ನಷ್ಟ. ಆದರೆ ಕೇರಳದಲ್ಲಿ ಮನೆ ನಂಬರ್ ಬರೆಯುವ ಕ್ರಮವೇ ಹೀಗಿದೆ: ಮೊದಲು ವಾರ್ಡ್ ನಂಬರ್, ಒಂದು ಓರೆಗೆರೆ, ಆಮೇಲೆ ಮನೆಯ ಕ್ರಮಸಂಖ್ಯೆ. ನಮ್ಮ ಕಾಸರಗೋಡು ಜಿಲ್ಲೆಯ ಕಾರಡ್ಕ ಪಂಚಾಯತ್‌ನ ಮುಳ್ಳೇರಿಯ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿರುವ ಒಂದು ಮನೆಯ ನಂಬರ್ 8/214 ಎಂದಿಟ್ಟುಕೊಳ್ಳೋಣ. ಗಡಿಗೆರೆ ತುಸು ಸರಿದು ಅದು 9ನೇ ವಾರ್ಡಿಗೆ ಸೇರಿದರೆ ಅದರ ನಂಬರೂ ಬದಲಾಗಬೇಕು. ಮನೆ ಅದೇ, ಮನೆಯವರು ಅವರೇ, ಕಟ್ಟಬೇಕಾದ ತೆರಿಗೆಯೂ ಅಷ್ಟೇ. ಹಳೆಯ ತೆರಿಗೆ ರಶೀದಿಯಲ್ಲಿ, ಬ್ಯಾಂಕಿಗೆ ಕೊಟ್ಟ ಮಾಲಕತ್ವದ ಸರ್ಟಿಫಿಕೇಟಿನಲ್ಲಿ ಮಾತ್ರ ಹಳೆಯ ನಂಬರ್ ಕೂತಿರುತ್ತದೆ. ಈಗ ಪಂಚಾಯತ್‌ನ ತೆರಿಗೆ ತಂತ್ರಾಂಶ ಆ ಮನೆಯನ್ನು ಯಾವುದರಿಂದ ಗುರುತಿಸುತ್ತದೆ ಎಂಬ ಪ್ರಶ್ನೆ ಏಳುತ್ತದೆ. 8/214 ಎಂಬುದನ್ನೇ ಮನೆಯ ಗುರುತಾಗಿ ಹಿಡಿದುಕೊಂಡ ತಂತ್ರಾಂಶವಾದರೆ, ವಾರ್ಡ್ ಬದಲಾದ ದಿನ ಅದರ ಪಾಲಿಗೆ ಹಳೆ ಮನೆ ಅಳಿದು ಹೊಸ ಮನೆಯೊಂದು ಹುಟ್ಟುತ್ತದೆ; ಹಳೆ ಬಾಕಿ ಒಂದು ಕಡೆ, ಹೊಸ ಬೇಡಿಕೆ ಇನ್ನೊಂದು ಕಡೆ. ಮನೆಗೆ ಎಂದೂ ಬದಲಾಗದ ಒಂದು ಒಳಗುರುತು ಕೊಟ್ಟು, ವಾರ್ಡನ್ನೂ ಮನೆ ನಂಬರನ್ನೂ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ಬೇರೆ ಪಟ್ಟಿಯಲ್ಲಿ ಇಟ್ಟ ತಂತ್ರಾಂಶವಾದರೆ, ವಿಂಗಡಣೆ ಮುಗಿದ ಮೇಲೆ ಆ ಪಟ್ಟಿಗೆ ಹೊಸ ಸಾಲು ಸೇರಿಸಿದರೆ ಸಾಕು. ವಿದ್ಯುತ್ ಮಂಡಳಿಯ ಗ್ರಾಹಕ ಸಂಖ್ಯೆಗೂ ಪಂಚಾಯತ್ ವಾರ್ಡಿಗೂ ಸಂಬಂಧವಿಲ್ಲ. ಹಾಗಾಗಿಯೇ ವಾರ್ಡ್ ಎಷ್ಟು ಸಲ ಬದಲಾದರೂ ಕರೆಂಟ್ ಬಿಲ್ಲು ತಪ್ಪದೆ ಅದೇ ಮನೆಗೆ ಬರುತ್ತದೆ.

ತಂತ್ರಾಂಶವನ್ನು ಬಿಡಿ ಬಿಡಿ ಘಟಕಗಳಾಗಿ, ಅಂದರೆ ಮಾಡ್ಯೂಲ್‌ಗಳಾಗಿ ಕಟ್ಟಬೇಕು ಎಂಬುದನ್ನು ಈ ಕಸುಬಿನಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಎಲ್ಲಿ ಬಿಡಿಸಬೇಕು ಎಂಬಲ್ಲಿ ಮಾತ್ರ ಹೆಚ್ಚಿನವರು ಎಡವುತ್ತಾರೆ. ನನ್ನ ವಾದ ಇದು: ಯಾವುದು ಯಾವುದರ ಹಂಗಿಲ್ಲದೆ ಬದಲಾಗುತ್ತದೋ ಅಲ್ಲಿ ಬಿಡಿಸಬೇಕು. ವಾರ್ಡ್ ಬದಲಾಗುವುದು ಚುನಾವಣಾ ವ್ಯವಸ್ಥೆಯ ಕಾರಣಕ್ಕೆ, ಮನೆ ಬದಲಾಗುವುದು ಮನೆಯವರ ಕಾರಣಕ್ಕೆ. ಎರಡನ್ನೂ ಒಂದೇ ನಂಬರಿನಲ್ಲಿ ಹೊಸೆದಿಟ್ಟರೆ ಒಂದರ ಬದಲಾವಣೆಗೆ ಇನ್ನೊಂದು ದಂಡ ತೆರಬೇಕಾಗುತ್ತದೆ. ಕಚೇರಿಯ ವಿಭಾಗಗಳನ್ನು ನೋಡಿ, ಕೆಲಸದ ಹಂತಗಳನ್ನು ನೋಡಿ, ಪರದೆಯ ಮೇಲಿನ ಮೆನುಗಳನ್ನು ನೋಡಿ ಮಾಡುವ ವಿಂಗಡಣೆ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣಬಹುದು, ಆದರೆ ಮುಂದಿನ ಹತ್ತು ವರ್ಷ ಅದನ್ನು ನೋಡಿಕೊಳ್ಳಬೇಕಾದವರಿಗೆ ಅದರಿಂದ ಹೆಚ್ಚೇನೂ ಸಹಾಯವಾಗುವುದಿಲ್ಲ.

ತಂತ್ರಾಂಶ ಸವೆಯುವ ವಸ್ತುವಲ್ಲ. ಹಾಗಿದ್ದೂ ಅದಕ್ಕೆ ವರ್ಷವಿಡೀ ನಿರ್ವಹಣೆ ಬೇಕಾಗುತ್ತದೆ, ಏಕೆಂದರೆ ಅದು ಯಾವ ಲೋಕದ ಲೆಕ್ಕ ಇಡುತ್ತದೋ ಆ ಲೋಕ ಸುಮ್ಮನಿರುವುದಿಲ್ಲ. ಬೆನೆಟ್ ಲಿಯೆಂಟ್ಸ್ ಮತ್ತು ಬರ್ಟನ್ ಸ್ವಾನ್ಸನ್ 487 ಸಂಸ್ಥೆಗಳ ಗಣಕ ವಿಭಾಗಗಳನ್ನು ಸಮೀಕ್ಷೆ ಮಾಡಿ 1980ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಆಧಾರವಾಗಿದೆ. ನಿರ್ವಹಣೆಗೆ ಹೋಗುವ ಶ್ರಮದಲ್ಲಿ ದೋಷ ತಿದ್ದಲು ಹೋಗುವುದು ಸುಮಾರು ಐದನೇ ಒಂದು ಭಾಗ ಮಾತ್ರ, ಉಳಿದದ್ದೆಲ್ಲ ಹೊಸ ಬೇಡಿಕೆಗಳಿಗೆ ಮತ್ತು ಬದಲಾದ ಪರಿಸ್ಥಿತಿಗೆ ಹೊಂದಿಸುವುದಕ್ಕೆ ಎಂದು ಅವರು ಕಂಡುಕೊಂಡರು. ನಮ್ಮ ಪಂಚಾಯತ್‌ಗಳ ಇತ್ತೀಚಿನ ಕೆಲವು ವರ್ಷಗಳನ್ನೇ ನೋಡಿ. 2023ರ ಏಪ್ರಿಲ್‌ನಲ್ಲಿ ಕಟ್ಟಡ ಪರವಾನಗಿ ಶುಲ್ಕ ಹಲವು ಪಟ್ಟು ಏರಿತು. 2024ರ ಆಗಸ್ಟ್ 1ರಿಂದ ಅದೇ ಶುಲ್ಕ ಶೇ. 60ರವರೆಗೂ ಇಳಿಯಿತು. 2023-24ರಿಂದ ಕಟ್ಟಡ ತೆರಿಗೆ ವರ್ಷಕ್ಕೆ ಶೇ. 5ರಂತೆ ಏರುವ ನಿಯಮ ಬಂತು. ಜನನ ಮರಣ ನೋಂದಣಿಯ ತಿದ್ದುಪಡಿ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಇವುಗಳಲ್ಲಿ ಯಾವುದೂ ತಂತ್ರಾಂಶದ ದೋಷವಲ್ಲ, ಆದರೂ ಪ್ರತಿಯೊಂದೂ ತಂತ್ರಾಂಶ ಬರೆದವರ ಬಾಗಿಲು ತಟ್ಟಿದೆ. ಶುಲ್ಕದ ದರವನ್ನು ಕೋಡಿನ ಒಳಗೆ, ಪರವಾನಗಿ ಲೆಕ್ಕ ಹಾಕುವ ಸಾಲುಗಳ ನಡುವೆ ಬರೆದಿಟ್ಟವರು ಹದಿನಾರು ತಿಂಗಳಲ್ಲಿ ಎರಡು ಸಲ ಆ ಕೋಡನ್ನು ಬಿಚ್ಚಬೇಕಾಯಿತು. ದರ, ಅದು ಜಾರಿಗೆ ಬಂದ ದಿನ, ಮುಗಿದ ದಿನ ಇಷ್ಟನ್ನೂ ಒಂದು ಕೋಷ್ಟಕದಲ್ಲಿ ಬೇರೆಯಾಗಿ ಇಟ್ಟವರಿಗೆ ಅದು ಅರ್ಧ ಗಂಟೆಯ ಕೆಲಸ. ಇಲ್ಲಿ ಹಳೆಯ ದರವನ್ನು ಅಳಿಸಿ ಅದರ ಮೇಲೆಯೇ ಹೊಸ ದರ ಬರೆಯಬಾರದು ಎಂಬುದೂ ಮುಖ್ಯ. 2022-23ರ ಬಾಕಿಯನ್ನು ಇಂದು ಕಟ್ಟಲು ಬಂದವರಿಗೆ ಆ ವರ್ಷದ ದರವೇ ಅನ್ವಯಿಸಬೇಕು. ಅದು ಹೊಸ ದರದಲ್ಲಿ ಬಂದರೆ ಕೌಂಟರಿನಲ್ಲಿ ಕುಳಿತ ಗುಮಾಸ್ತರು ಅದನ್ನು ಕೈಯಿಂದ ಸರಿಪಡಿಸುತ್ತಾರೆ, ಆ ಸರಿಪಡಿಸಿದ್ದು ಎಲ್ಲೂ ದಾಖಲಾಗುವುದಿಲ್ಲ, ಮತ್ತು ಲೆಕ್ಕಪರಿಶೋಧನೆಯ ಹೊತ್ತಿಗೆ ಅದಕ್ಕೆ ಉತ್ತರ ಕೊಡಬೇಕಾದವರೂ ಅವರೇ ಆಗುತ್ತಾರೆ.

ಬದಲಾವಣೆಯನ್ನು ನೋಡಿ ಬಿಡಿಸಬೇಕು ಎಂಬ ಮಾತನ್ನು ಮೊದಲು ಖಚಿತವಾಗಿ ಹೇಳಿದವರು ಡೇವಿಡ್ ಪಾರ್ನಾಸ್. 1972ರ ಡಿಸೆಂಬರಿನಲ್ಲಿ ಅವರು ಪ್ರಕಟಿಸಿದ ಆರೇಳು ಪುಟಗಳ ಲೇಖನ ಒಂದು ಸಣ್ಣ ಉದಾಹರಣೆಯನ್ನು ಹಿಡಿದು ನಡೆಯುತ್ತದೆ: ಕೆಲವು ಸಾಲುಗಳನ್ನು ಓದಿಕೊಂಡು, ಪ್ರತಿ ಸಾಲಿನ ಪ್ರತಿ ಪದವನ್ನೂ ಒಂದೊಂದು ಸಲ ಮುಂದಕ್ಕೆ ತಂದು, ಬಂದದ್ದನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಪದಸೂಚಿ ಮಾಡುವ ಪ್ರೋಗ್ರಾಂ. ಸಾಮಾನ್ಯವಾಗಿ ಯಾರಿಗೂ ಹೊಳೆಯುವ ವಿಂಗಡಣೆ ಕೆಲಸದ ಹಂತಗಳದ್ದು. ಓದುವುದೊಂದು ಘಟಕ, ಪದಗಳನ್ನು ಸರಿಸುವುದೊಂದು, ಜೋಡಿಸುವುದೊಂದು, ಮುದ್ರಿಸುವುದೊಂದು. ಪಾರ್ನಾಸ್ ಇದನ್ನು ಪರೀಕ್ಷಿಸಿದರು. ಸಾಲುಗಳನ್ನು ನೆನಪಿನಲ್ಲಿ ಇಡುವ ರೀತಿಯನ್ನು ಬದಲಿಸಿದರೆ ಏನಾಗುತ್ತದೆ? ಎಲ್ಲ ಘಟಕಗಳಿಗೂ ಆ ರೀತಿ ಗೊತ್ತಿರುವುದರಿಂದ ಎಲ್ಲವನ್ನೂ ತಿದ್ದಬೇಕಾಗುತ್ತದೆ. ಅವರು ತೋರಿಸಿದ ಎರಡನೆಯ ವಿಂಗಡಣೆಯಲ್ಲಿ ಸಾಲುಗಳು ಎಲ್ಲಿ, ಹೇಗೆ ಇವೆ ಎಂಬುದು ಒಂದೇ ಘಟಕದ ಒಳಗುಟ್ಟು. ಬೇರೆಯವು ‘ಮೂರನೇ ಸಾಲಿನ ಎರಡನೇ ಪದ ಕೊಡು’ ಎಂದು ಕೇಳಬಹುದೇ ಹೊರತು ಒಳಗೆ ಇಣುಕುವಂತಿಲ್ಲ. ಹಾಗಾಗಿ ತಿದ್ದುಪಡಿ ಅಲ್ಲಿಗೇ ಮುಗಿಯುತ್ತದೆ. ಕನ್ನಡಕ್ಕೆ ಬಂದರೆ ಆ ಉದಾಹರಣೆಯ ಇನ್ನೊಂದು ಹಂತವೂ ಪಾಠ ಹೇಳುತ್ತದೆ. ಅಕ್ಷರಗಳಿಗೆ ಸಂಕೇತ ಸಂಖ್ಯೆ ಕೊಡುವ ಯೂನಿಕೋಡಿನ ಕೋಷ್ಟಕದಲ್ಲಿ ಳಕಾರ ಕೂತಿರುವುದು ಲಕಾರದ ಬೆನ್ನಿಗೆ, ವಕಾರಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹಕಾರದ ಆಚೆ. ಅನುಸ್ವಾರವಂತೂ ಕೋಷ್ಟಕದಲ್ಲಿ ಅಕಾರಕ್ಕಿಂತ ಮುಂಚೆಯೇ ಬರುತ್ತದೆ. ಅಕ್ಷರದ ಸಂಕೇತ ಸಂಖ್ಯೆಯನ್ನೇ ನಂಬಿ ಹೆಸರುಗಳ ಪಟ್ಟಿಯನ್ನು ಜೋಡಿಸುವ ಪ್ರೋಗ್ರಾಂ ಕನ್ನಡ ನಿಘಂಟು ನೋಡಿ ರೂಢಿಯಿದ್ದವರಿಗೆ ತಪ್ಪು ಪಟ್ಟಿ ಕೊಡುತ್ತದೆ. ಯಾವ ಭಾಷೆಗೆ ಯಾವ ಕ್ರಮ ಎಂಬ ತೀರ್ಮಾನವನ್ನು ಒಂದು ಘಟಕದಲ್ಲಿ ಅಡಗಿಸಿಟ್ಟರೆ, ಕನ್ನಡದ ಕ್ರಮವನ್ನು ಒಮ್ಮೆ ಸರಿಮಾಡಿದರೆ ಮುಗಿಯಿತು. ಮತದಾರರ ಪಟ್ಟಿಗೂ ಗ್ರಂಥಾಲಯದ ಸೂಚಿಗೂ ಅದೇ ಸಲ್ಲುತ್ತದೆ.

ಕನ್ನಡಿಗರು ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತವರು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕಂಪ್ಯೂಟರಿನಲ್ಲಿ ಕನ್ನಡ ಬರೆದವರಲ್ಲಿ ಹೆಚ್ಚಿನವರು ಅಕ್ಷರವನ್ನು ಉಳಿಸಿದ್ದಲ್ಲ, ಅಕ್ಷರದ ಆಕಾರದ ತುಣುಕುಗಳನ್ನು ಉಳಿಸಿದ್ದು. ಒಂದು ಸಂಸ್ಥೆಯ ಫಾಂಟಿನಲ್ಲಿ ತಲೆಕಟ್ಟು ಇರುವ ಮನೆಯಲ್ಲಿ ಇನ್ನೊಂದು ಸಂಸ್ಥೆಯ ಫಾಂಟು ಒತ್ತಕ್ಷರವನ್ನು ಕೂರಿಸಿತ್ತು. ಬರಹ, ಅದರ ಆಕಾರ ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ‘ಕನ್ನಡ’ ಎಂಬ ಪದ ಕಾಣುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ ಯುರೋಪಿನ ಅಕ್ಷರಗಳ ಗೋಜಲಾಗಿ. ಅದರಲ್ಲಿ ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಪತ್ರಿಕೆಗಳ, ಪ್ರಕಾಶಕರ, ಸರ್ಕಾರಿ ಕಚೇರಿಗಳ ಎಷ್ಟೋ ವರ್ಷಗಳ ಬರಹ ಪರಿವರ್ತಕಗಳ ಮೂಲಕ ಹಾದು ಬರಬೇಕಾಯಿತು, ಮತ್ತು ಪ್ರತಿ ಪರಿವರ್ತನೆಯಲ್ಲೂ ಒಂದಿಷ್ಟು ಒತ್ತಕ್ಷರ, ಅರ್ಕಾವೊತ್ತು ಎಡವಟ್ಟಾದವು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಪಟ್ಟಿ ದೊರೆತಿತ್ತು. ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟಿನೊಡನೆ ಅದನ್ನು ಸಾಮಾನ್ಯರ ಮೇಜಿಗೆ ತಂದಿತು. ಅಕ್ಷರ ಯಾವುದೆಂಬುದು ಒಂದು ಘಟಕ, ಅದು ಹೇಗೆ ಕಾಣಬೇಕೆಂಬುದು ಫಾಂಟು, ಒತ್ತು ಎಲ್ಲಿ ಕೂರಬೇಕೆಂಬುದನ್ನು ನೋಡಿಕೊಳ್ಳುವುದು ಮೂರನೆಯದು, ಕೀಲಿಮಣೆ ನಾಲ್ಕನೆಯದು. ಹೀಗೆ ಬಿಡಿಸಿದ ಮೇಲೆ ಹೊಸ ಫಾಂಟ್ ಮಾಡಿದವರು ಯಾರ ಹಳೆಯ ಕಡತವನ್ನೂ ಕೆಡಿಸಲಿಲ್ಲ. ಈ ನಾಲ್ಕರಲ್ಲಿ ಹಿಂದೆಯೇ ಚೆನ್ನಾಗಿ ಬೇರ್ಪಟ್ಟಿದ್ದುದು ಕೀಲಿಮಣೆ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಆಧರಿಸಿ ಹೊಂದಿಸಿದ ವಿನ್ಯಾಸ ಹಳೆ ಫಾಂಟುಗಳ ಕಾಲದಲ್ಲೂ ಇತ್ತು, ಯೂನಿಕೋಡ್ ಕಾಲದಲ್ಲೂ ಉಳಿಯಿತು. ಕೆಳಗಿನ ನೆಲವಿಡೀ ಬದಲಾದರೂ ಬೆರಳಚ್ಚುಗಾರರ ಬೆರಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ಒಳ್ಳೆಯ ಘಟಕವೆಂದರೆ ಏನೆಂದು ಕೇಳಿದವರಿಗೆ ನಾನು ತೋರಿಸುವುದು ಇದನ್ನೇ.

ಹಾಗಾದರೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ತಂತ್ರಾಂಶ ಮಾಡಿದರೆ ಸಾಕಲ್ಲವೇ ಎಂದು ಕೇಳಬಹುದು. ಕೇರಳದ ಪಂಚಾಯತ್‌ಗಳು ನಡೆದು ಬಂದ ದಾರಿಯೇ ಅದಕ್ಕೆ ಉತ್ತರ. 1999ರಲ್ಲಿ ಆರಂಭವಾದ ಇನ್ಫರ್ಮೇಶನ್ ಕೇರಳ ಮಿಷನ್ ಜನನ, ಮರಣ, ವಿವಾಹ ನೋಂದಣಿಗೆ ‘ಸೇವನ’, ತೆರಿಗೆಗೆ ‘ಸಂಚಯ’, ಲೆಕ್ಕಪತ್ರಕ್ಕೆ ‘ಸಾಂಖ್ಯ’, ಯೋಜನೆಗೆ ‘ಸುಲೇಖ’, ಕಟ್ಟಡ ಪರವಾನಗಿಗೆ ‘ಸಂಕೇತಂ’, ಕಡತಗಳಿಗೆ ‘ಸೂಚಿಕ’, ಸಭೆಯ ನಿರ್ಣಯಗಳಿಗೆ ‘ಸಕರ್ಮ’ ಎಂದು ಒಂದೊಂದನ್ನೇ ರೂಪಿಸಿತು. ಭಾರತದ ಹಳ್ಳಿ ಆಡಳಿತದಲ್ಲಿ ಇಷ್ಟು ಬೇಗ ಇಷ್ಟು ವಿಸ್ತಾರವಾಗಿ ನಡೆದ ಕೆಲಸ ವಿರಳ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಈ ವಿಂಗಡಣೆ ಕಚೇರಿಯ ಮೇಜುಗಳ ವಿಂಗಡಣೆ. ತಂತ್ರಾಂಶದ ರಚನೆ ಅದನ್ನು ಮಾಡಿಸುವ ಸಂಸ್ಥೆಯ ರಚನೆಯನ್ನೇ ಹೋಲುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಮೇಜಿಗೊಂದರಂತೆ ಮಾಡಿದಾಗ ಒಬ್ಬ ನಾಗರಿಕನ ಹೆಸರು, ಅದೇ ಮನೆ, ಅದೇ ವಾರ್ಡ್ ಪ್ರತಿಯೊಂದರಲ್ಲೂ ಬೇರೆ ಬೇರೆಯಾಗಿ ದಾಖಲಾಗುತ್ತವೆ. ವಾರ್ಡ್ ಎಂದರೇನು ಎಂಬ ಒಂದು ತೀರ್ಮಾನ ಒಂದು ಕಡೆ ಅಡಗಿರುವ ಬದಲು ಎಲ್ಲ ಕಡೆ ಹರಡಿಕೊಳ್ಳುತ್ತದೆ. ಈ ದಶಕದ ಆರಂಭದಲ್ಲಿ ಎಲ್ಲವನ್ನೂ ಒಗ್ಗೂಡಿಸುವ ಐಎಲ್‌ಜಿಎಂಎಸ್ ಗ್ರಾಮ ಪಂಚಾಯತ್‌ಗಳಿಗೆ ಬಂತು. 2024ರ ಜನವರಿ 1ರಂದು ನಗರಗಳಲ್ಲಿ ಶುರುವಾದ ಅಂಥದೇ ಕೆ-ಸ್ಮಾರ್ಟ್ 2025ರ ಏಪ್ರಿಲ್‌ನಲ್ಲಿ ಪಂಚಾಯತ್‌ಗಳಿಗೂ ವಿಸ್ತರಿಸಿತು. ಜನರಿಗೆ ಒಂದೇ ಬಾಗಿಲು ಸಿಕ್ಕಿದ್ದು ದೊಡ್ಡ ಅನುಕೂಲ. ಆದರೆ ಹೊರಗೆ ಒಂದೇ ಬಾಗಿಲು ಇದ್ದ ಮಾತ್ರಕ್ಕೆ ಒಳಗೆ ಗೋಡೆಗಳಿರಬಾರದು ಎಂದೇನಿಲ್ಲ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ನಿದರ್ಶನ ಇದೆ. ಕಂದಾಯ ಇಲಾಖೆಯ ‘ರೆಲಿಸ್’, ನೋಂದಣಿ ಇಲಾಖೆಯ ‘ಪರ್ಲ್’, ಸರ್ವೆ ಇಲಾಖೆಯ ‘ಇ-ಮ್ಯಾಪ್ಸ್’ ಮೂರನ್ನೂ ಜೋಡಿಸುವ ‘ಎಂಟೆ ಭೂಮಿ’ 2024ರ ಅಕ್ಟೋಬರಿನಲ್ಲಿ ಮೊದಲು ಬಳಕೆಗೆ ಬಂದದ್ದು ಉಜಾರ್ ಉಳುವಾರು ಗ್ರಾಮದಲ್ಲಿ. ಮೂರು ಇಲಾಖೆಗಳು ಮೂರು ಬೇರೆ ಕಾಯ್ದೆಗಳ ಅಡಿಯಲ್ಲಿ, ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ಜಾಗದ ಗುರುತೊಂದೇ ಅವುಗಳಿಗೆ ಸಮಾನ. ಅದರ ಮೂಲಕ ಮಾತ್ರ ಅವು ಮಾತಾಡಿಕೊಂಡರೆ, ನೋಂದಣಿ ಶುಲ್ಕ ಬದಲಾದದ್ದಕ್ಕೆ ನಕ್ಷೆಯ ಕೋಡನ್ನು ಯಾರೂ ಮುಟ್ಟಬೇಕಾಗಿಲ್ಲ.

ಕಾರಡ್ಕದ ಮಟ್ಟಿಗೆ ಈ ಚರ್ಚೆಯ ತಿರುಳು ಭಾಷೆಯಲ್ಲಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ವ್ಯವಹರಿಸಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶವಿದೆ. ಕಾಗದದ ಕಾಲದಲ್ಲಿ ಈ ಹಕ್ಕು ನಿಂತಿದ್ದದ್ದು ಕನ್ನಡ ಬಲ್ಲ ಗುಮಾಸ್ತರು ಇದ್ದಾರೆಯೇ ಎಂಬುದರ ಮೇಲೆ. ಈಗ ಅದು ನಿಂತಿರುವುದು ತಂತ್ರಾಂಶ ಬರೆದ ಮೊದಲ ತಿಂಗಳಲ್ಲಿ ಯಾರೋ ಮಾಡಿದ ಒಂದು ತೀರ್ಮಾನದ ಮೇಲೆ: ಪರದೆಯ ಮೇಲಿನ, ಸರ್ಟಿಫಿಕೇಟಿನ ಮೇಲಿನ ಮಾತುಗಳನ್ನು ಕೋಡಿನ ಒಳಗೇ ಬರೆದರೋ, ಹೊರಗೆ ಬೇರೆ ಕಡತದಲ್ಲಿ ಇಟ್ಟರೋ? ಒಳಗೇ ಬರೆದಿದ್ದರೆ ಇಪ್ಪತ್ತು ವರ್ಷ ಮನವಿ ಕೊಟ್ಟರೂ ಕನ್ನಡ ಬರುವುದು ಕಷ್ಟ, ಏಕೆಂದರೆ ಸಾವಿರಾರು ಕಡೆ ಕೋಡು ಒಡೆಯಬೇಕು. ಹೊರಗಿಟ್ಟಿದ್ದರೂ ಅರ್ಧಂಬರ್ಧ ಇಟ್ಟರೆ ಸಾಲದು. ‘ಇಂಥಲ್ಲಿ ಜನಿಸಿದ’ ಎಂಬ ವಾಕ್ಯವನ್ನು ನೋಡಿ. ಇಂಗ್ಲಿಷ್ ಬಲ್ಲ ಪ್ರೋಗ್ರಾಮರ್ ಊರಿನ ಹೆಸರಿಗೆ ಜಾಗ ಬಿಟ್ಟು, ಉಳಿದದ್ದನ್ನು ತುಂಡು ತುಂಡಾಗಿ ಅನುವಾದಕ್ಕೆ ಕೊಡುತ್ತಾನೆ. ಕನ್ನಡದಲ್ಲಿ ಅಲ್ಲಿ ‘ದಲ್ಲಿ’ ಎಂದು ಅಂಟಿಸಿದರೆ ‘ಕಾರಡ್ಕದಲ್ಲಿ’ ಸರಿಯಾಗುತ್ತದೆ. ‘ಆದೂರುದಲ್ಲಿ’, ‘ಕುಂಬ್ಡಾಜೆದಲ್ಲಿ’ ಎಂದು ಬಂದಾಗ ಓದಿದವರು ಮುಖ ಕಿವುಚುತ್ತಾರೆ. ಆದೂರಿನಲ್ಲಿ, ಕುಂಬ್ಡಾಜೆಯಲ್ಲಿ ಎನ್ನುವುದು ಭಾಷೆಯ ವ್ಯವಹಾರ, ಅದು ಭಾಷೆಯ ಘಟಕದ ಒಳಗೇ ತೀರ್ಮಾನವಾಗಬೇಕು. ಇಡೀ ವಾಕ್ಯವನ್ನು ಅನುವಾದಕರ ಕೈಗೆ ಕೊಟ್ಟರೆ ಅವರು ‘ಆದೂರು ಗ್ರಾಮದಲ್ಲಿ’ ಎಂದು ಬರೆದು ವಿಭಕ್ತಿಯ ತೊಡಕನ್ನೇ ತಪ್ಪಿಸಿಯಾರು. ತುಂಡುಗಳನ್ನು ಕೊಟ್ಟರೆ ಆ ದಾರಿ ಮುಚ್ಚಿಹೋಗುತ್ತದೆ. ಹೆಸರಿನದೇ ಇನ್ನೊಂದು ತೊಡಕು. ಕಾರಡ್ಕ ಪಂಚಾಯತ್‌ನಲ್ಲಿ ಆದೂರು ಇದೆ, ಪಕ್ಕದ ದೇಲಂಪಾಡಿಯಲ್ಲಿ ಅಡೂರು ಇದೆ. ಕನ್ನಡದಲ್ಲಿ ಬರೆದರೆ ಯಾರಿಗೂ ಗೊಂದಲವಿಲ್ಲ, ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಕೂಡಲೇ ಎರಡೂ ಒಂದರಂತೆ ಇನ್ನೊಂದು ಕಾಣುತ್ತವೆ. ಪತ್ತನಂತಿಟ್ಟ ಜಿಲ್ಲೆಯ ಅಡೂರು ಸೇರಿಕೊಂಡರೆ ಮೂರು. ಊರಿಗೊಂದು ಸಂಕೇತ ಕೊಟ್ಟು, ಅದರ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಪಕ್ಕದಲ್ಲಿ ಬರೆದಿಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ. ಇದು ಕಾರ್ಯಸಾಧ್ಯವಲ್ಲ ಎನ್ನುವವರು ವಿಕಿಪೀಡಿಯವನ್ನು ನೋಡಬೇಕು. ಅದರ ಹಿಂದಿರುವ ಮೀಡಿಯಾವಿಕಿ ತಂತ್ರಾಂಶ ಒಂದೇ, ಭಾಷೆಗಳು ಮುನ್ನೂರಕ್ಕೂ ಹೆಚ್ಚು. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಲೋಕಾರ್ಪಣೆಯಾದಾಗ ಅದಕ್ಕೆಂದು ಯಾರೂ ಹೊಸ ತಂತ್ರಾಂಶ ಬರೆಯಲಿಲ್ಲ. ತುಳು ಬಲ್ಲ ಸ್ವಯಂಸೇವಕರು ಸಂದೇಶಗಳ ಪಟ್ಟಿಯನ್ನು ತುಳುವಿಗೆ ತಂದರು, ಅಷ್ಟೇ. ಯಾವ ರಾಜ್ಯದಲ್ಲೂ ಅಧಿಕೃತ ಸ್ಥಾನವಿಲ್ಲದೆ ತುಳು ಪಡೆದದ್ದನ್ನು, ಕಾಯ್ದೆಯ ಬೆಂಬಲವಿರುವ ಕಾಸರಗೋಡಿನ ಕನ್ನಡ ಕೇಳುವುದು ಹೆಚ್ಚೇನಲ್ಲ.

ಈ ವಾದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಮುಂದೆ ಏನು ಬದಲಾಗುತ್ತದೆಂದು ಯಾರು ಬಲ್ಲರು, ಊಹಿಸಿ ಬಿಡಿಸಿದ್ದು ತಪ್ಪಿದರೆ ಬರೀ ಸಿಕ್ಕು ಉಳಿಯುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಎಂದೂ ಬಾರದ ಅತಿಥಿಗಾಗಿ ಕಟ್ಟಿದ ಘಟಕಗಳಿಂದ ತುಂಬಿದ ತಂತ್ರಾಂಶ ಓದಲು ದುಸ್ತರ, ತಿದ್ದಲು ಇನ್ನೂ ದುಸ್ತರ. ಆದರೆ ಆಡಳಿತದ ತಂತ್ರಾಂಶದಲ್ಲಿ ಊಹೆಯ ಅಗತ್ಯವೇ ಇಲ್ಲ, ಹಿಂದಿನ ಇಪ್ಪತ್ತೈದು ವರ್ಷಗಳ ಸರ್ಕಾರಿ ಆದೇಶಗಳ ಕಡತ ಕಣ್ಣೆದುರಿಗಿದೆ. ದರ ಬದಲಾಗಿದೆ, ಗಡಿ ಬದಲಾಗಿದೆ, ಅರ್ಜಿ ನಮೂನೆ ಬದಲಾಗಿದೆ, ಸಹಿ ಹಾಕುವ ಅಧಿಕಾರಿ ಬದಲಾಗಿದ್ದಾರೆ. ಮಗುವಿಗೆ ಹುಟ್ಟಿದ ದಿನ ಒಂದೇ ಎಂಬುದು ಬದಲಾಗಿಲ್ಲ. ಹಿಂದೆ ಬದಲಾದದ್ದನ್ನು ಬಿಡಿಸಿ, ಬದಲಾಗದ್ದನ್ನು ಸುಮ್ಮನೆ ಬಿಡುವುದೇ ಸಾಕು.

ಎರಡನೆಯ ಆಕ್ಷೇಪ, ಬಿಡಿಸುವುದು ಅತಿಯಾಗಿ ಕೈಸುಟ್ಟುಕೊಂಡವರದ್ದು. ಪ್ರತಿಯೊಂದು ಸಣ್ಣ ಕೆಲಸವನ್ನೂ ಬೇರೆ ಬೇರೆ ಸರ್ವರಿನಲ್ಲಿ ಓಡುವ ಸೇವೆಯನ್ನಾಗಿ ಮಾಡುವ ಪದ್ಧತಿ ಕಳೆದ ದಶಕದಲ್ಲಿ ಜೋರಾಗಿತ್ತು. ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ತನ್ನ ವಿಡಿಯೋ ಗುಣಮಟ್ಟ ಪರೀಕ್ಷಿಸುವ ವ್ಯವಸ್ಥೆಯನ್ನು ಹಾಗೆ ಚದುರಿಸಿಟ್ಟಿತ್ತು. ಎಲ್ಲವನ್ನೂ ಒಂದೇ ಪ್ರೋಗ್ರಾಮಿನೊಳಗೆ ತಂದಾಗ ಖರ್ಚು ಶೇ. 90ರಷ್ಟು ಇಳಿಯಿತು ಎಂದು 2023ರಲ್ಲಿ ಅದೇ ತಂಡ ಬರೆಯಿತು. ಘಟಕಗಳ ವಿರೋಧಿಗಳು ಇದನ್ನು ತಮ್ಮ ಗೆಲುವೆಂದು ಎತ್ತಿ ತೋರಿಸಿದರು. ಆದರೆ ಆ ತಂಡ ಕೈಬಿಟ್ಟದ್ದು ಘಟಕಗಳನ್ನಲ್ಲ, ಅವುಗಳ ನಡುವಿನ ಜಾಲವನ್ನು. ಒಳಗಿನ ವಿಂಗಡಣೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು, ಹಳೆಯ ಕೋಡಿನ ದೊಡ್ಡ ಪಾಲು ಮರುಬಳಕೆಯಾಯಿತು. ಯೋಚನೆಯಲ್ಲಿ ಬೇರೆಯಾಗಿರುವುದು ಯಂತ್ರದಲ್ಲೂ ಬೇರೆಯಾಗಿ ಓಡಬೇಕೆಂದಿಲ್ಲ. ಒಂದು ಪಂಚಾಯತ್‌ನ ತೆರಿಗೆ ಲೆಕ್ಕಕ್ಕೆ ಅಂಥ ವೈಭವ ಬೇಕಾಗಿಯೂ ಇಲ್ಲ. ಇದರ ಬೆನ್ನಿಗೇ ಹೊರಗಿನವರ ಘಟಕಗಳನ್ನು ನಂಬುವ ಅಪಾಯವನ್ನೂ ಹೇಳುವುದುಂಟು. 2016ರ ಮಾರ್ಚಿನಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲಿನ ಕೋಡನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ತೆಗೆದುಬಿಟ್ಟಾಗ ಜಗತ್ತಿನ ಎಷ್ಟೋ ಯೋಜನೆಗಳು ನಿಂತುಹೋದವು. ಅದು ಘಟಕ ವಿನ್ಯಾಸದ ದೋಷವಲ್ಲ, ಯಾವುದನ್ನು ನಾವೇ ಬರೆದುಕೊಳ್ಳಬೇಕು, ಯಾವುದನ್ನು ತರಬೇಕು ಎಂಬ ವಿವೇಚನೆಯ ಕೊರತೆ. ತಂದದ್ದರ ಒಂದು ಪ್ರತಿ ನಮ್ಮಲ್ಲೇ ಇದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ.

ಮೂರನೆಯದು ಹಣದ ಮಾತು, ಮತ್ತು ನನಗೆ ಎಲ್ಲಕ್ಕಿಂತ ಕಳವಳ ತರುವುದು ಇದೇ. ಹಳೆಯದನ್ನು ಅಚ್ಚುಕಟ್ಟಾಗಿ ಇಡುವುದಕ್ಕಿಂತ ಹತ್ತು ವರ್ಷಕ್ಕೊಮ್ಮೆ ಹೊಸದನ್ನೇ ಬರೆಸುವುದು ಸುಲಭವಲ್ಲವೇ ಎಂದು ಕೇಳುತ್ತಾರೆ. ಹೊಸ ಯೋಜನೆಗೆ ಅನುದಾನ ಸಿಗುತ್ತದೆ, ಉದ್ಘಾಟನೆ ನಡೆಯುತ್ತದೆ. ನಿರ್ವಹಣೆಗೆ ಎರಡೂ ಇಲ್ಲ. ಆದರೆ ಹೊಸದು ಬಂದಾಗ ಹಳೆಯ ದಾಖಲೆಗಳು ಅದರೊಳಗೆ ಬರಬೇಕು. ಹಳೆಯ ತಂತ್ರಾಂಶದಲ್ಲಿ ಎಲ್ಲವೂ ಹೊಸೆದುಕೊಂಡಿದ್ದರೆ ಆ ವರ್ಗಾವಣೆಯಲ್ಲಿ ತಪ್ಪುಗಳು ನುಸುಳುತ್ತವೆ. ಅದನ್ನು ಸರಿಪಡಿಸಿಕೊಳ್ಳಬೇಕಾದವರು ಮುಳ್ಳೇರಿಯದ ಅಕ್ಷಯ ಕೇಂದ್ರದ ಎದುರು ಸರದಿಯಲ್ಲಿ ನಿಲ್ಲುವ ಜನ, ಒಂದು ದಿನದ ಕೂಲಿ ಬಿಟ್ಟು ಬಂದವರು. ಟೆಂಡರಿನಲ್ಲಿ ಉಳಿಸಿದ ಹಣದ ಲೆಕ್ಕದಲ್ಲಿ ಈ ಕೂಲಿ ಸೇರುವುದಿಲ್ಲ. ಮೇಲಾಗಿ, ಹಳೆಯ ಕೋಡಿನಲ್ಲಿ ಇಪ್ಪತ್ತು ವರ್ಷ ಸೇರಿದ ವಿಶೇಷ ನಿಯಮಗಳಿರುತ್ತವೆ: ಈ ಬಗೆಯ ಕಟ್ಟಡಕ್ಕೆ ರಿಯಾಯಿತಿ, ಆ ವರ್ಷದ ಬಾಕಿಗೆ ದಂಡ ಮಾಫಿ. ಅವು ಒಂದು ಘಟಕದಲ್ಲಿ ಸ್ಪಷ್ಟವಾಗಿ ಇದ್ದರೆ ಹೊಸದಕ್ಕೂ ಹಾಗೆಯೇ ದಾಟುತ್ತವೆ. ಚದುರಿಹೋಗಿದ್ದರೆ ಯಾರಿಗೂ ತಿಳಿಯದಂತೆ ಕಳೆದುಹೋಗುತ್ತವೆ, ಕಳೆದುಹೋದದ್ದು ತಿಳಿಯುವುದು ಯಾರೋ ಒಬ್ಬರಿಗೆ ತಪ್ಪು ನೋಟಿಸು ಹೋದ ಮೇಲೆ.

ಆದ್ದರಿಂದ ತಂತ್ರಾಂಶವನ್ನು ಒಪ್ಪಿಕೊಳ್ಳುವ ಹೊತ್ತಿನಲ್ಲಿ ಪರದೆಯ ಅಂದಕ್ಕಿಂತ ಮುಂಚೆ ಕೆಲವು ಪರೀಕ್ಷೆಗಳನ್ನು ಇಲಾಖೆ ಕಡ್ಡಾಯ ಮಾಡಬೇಕು, ಅವು ಟೆಂಡರಿನ ಷರತ್ತುಗಳಲ್ಲೇ ಸೇರಿರಬೇಕು. ಪರೀಕ್ಷಾ ಪ್ರತಿಯೊಂದರಲ್ಲಿ ಒಂದು ವಾರ್ಡನ್ನು ಎರಡಾಗಿ ಒಡೆದು, ಅದರ ಮನೆಗಳಿಗೆ ಹೊಸ ನಂಬರ್ ಕೊಟ್ಟು, ಹಳೆ ನಂಬರಿನಿಂದ ಹುಡುಕಿದಾಗಲೂ ಅದೇ ಮನೆ, ಅದೇ ಬಾಕಿ ಬರುತ್ತದೆಯೇ ನೋಡಬೇಕು. ವರ್ಷದ ನಡುವೆ ದರವೊಂದನ್ನು ಬದಲಿಸಿ, ಪ್ರೋಗ್ರಾಮರ್ ಕೈ ಹಾಕದೆ ಅದು ಸಾಧ್ಯವಾಯಿತೇ ಎಂದು ಕೇಳಬೇಕು. ಮಾತುಗಳ ಕಡತವನ್ನು ಕಾಸರಗೋಡಿನ ಕನ್ನಡ ಅಧ್ಯಾಪಕರೊಬ್ಬರಿಗೆ ಕೊಟ್ಟು, ಕೋಡು ನೋಡದೆ ಅವರು ಬರೆದ ವಾಕ್ಯಗಳೊಂದಿಗೆ ಜನನ ಪ್ರಮಾಣಪತ್ರ ಮುದ್ರಿಸಿ, ‘ಆದೂರುದಲ್ಲಿ’ ಎಂದು ಬರುತ್ತದೆಯೋ ‘ಆದೂರಿನಲ್ಲಿ’ ಎಂದು ಬರುತ್ತದೆಯೋ ಓದಿ ನೋಡಬೇಕು. ಈ ಸಲದ ವಾರ್ಡ್ ವಿಂಗಡಣೆ ನಡೆದದ್ದು 2011ರ ಜನಗಣತಿಯ ಆಧಾರದ ಮೇಲೆ. 2027ರ ಗಣತಿಯ ಅಂಕಿಅಂಶ ಬಂದ ಮೇಲೆ ಗಡಿಗೆರೆಗಳು ಮತ್ತೆ ಸರಿಯಬಹುದು, ಮುಂದಿನ ಸ್ಥಳೀಯ ಚುನಾವಣೆ 2030ರಲ್ಲಿ ಬರಬೇಕು. ಆ ಪರೀಕ್ಷೆಗಳನ್ನು ನಡೆಸಿ, ಎಡವಿದ್ದನ್ನು ತಿದ್ದಿಕೊಳ್ಳಲು ಇರುವ ಕಾಲ ಅಷ್ಟರೊಳಗಿನದು.